ಯುಎಸ್ ಸಿಪಿಎ ನಾಲ್ಕೂ ಪೇಪರ್ ಪಾಸ್, ಕೆಲಸದ ಅನುಭವ ಸೊನ್ನೆ. ಲೈಸೆನ್ಸ್ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ಎಂ.ಕಾಂ ಆಗಿದೆ, ಬೆಂಗಳೂರಿನ ಪ್ರೊಮೆಟ್ರಿಕ್ ಪರೀಕ್ಷಾ ಸೆಂಟರ್‌ನಲ್ಲಿ ಕೂತು ಅಮೆರಿಕದ ಸಿಪಿಎ (ನಮ್ಮ ಸಿಎ ಥರದ ಅಲ್ಲಿನ ಅರ್ಹತೆ) ನಾಲ್ಕೂ ಪೇಪರ್ ಮುಗಿಸಿದ್ದೀರಿ. ಆದರೆ ಹುಬ್ಬಳ್ಳಿಯಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಮತ್ತು ಜಿಎಸ್‌ಟಿ ನೋಡಿಕೊಂಡಿದ್ದು ಬಿಟ್ಟರೆ ಬೇರೆ ಕೆಲಸ ಮಾಡಿಲ್ಲ. ಪರಿಚಯದವರೊಬ್ಬರು ದುಡ್ಡು ಕೊಟ್ಟರೆ ಅನುಭವದ ಫಾರ್ಮ್‌ಗೆ ಸಹಿ ಮಾಡಿಸಿಕೊಡುತ್ತೇನೆ ಅಂದಿದ್ದಾರೆ. ಮಾಡಿಸಬಹುದಾ, ಇಲ್ಲವಾದರೆ ಏನು ದಾರಿ?

ಮೊದಲು ಸಹಿಯ ವಿಷಯ ಮುಗಿಸಿಬಿಡೋಣ. ಬೇಡ. ಆ ಫಾರ್ಮ್‌ನಲ್ಲಿ ಸಹಿ ಹಾಕುವ ಸಿಪಿಎ ತನ್ನ ಲೈಸೆನ್ಸ್ ನಂಬರ್ ಬರೆದು, ಇದೆಲ್ಲ ನಿಜ ಅಂತ ಲೈಸೆನ್ಸ್ ಕೊಡುವ ಅಮೆರಿಕದ ರಾಜ್ಯದ ಬೋರ್ಡ್‌ಗೆ ಹೇಳುತ್ತಾನೆ. ನೀವೂ ಹೇಳುತ್ತೀರಿ. ಬೋರ್ಡ್ ಮುಂದೆ ಯಾವತ್ತೋ ವಿವರ ಕೇಳಿದರೆ ಇಬ್ಬರ ಲೈಸೆನ್ಸೂ ಹೋಗಬಹುದು. ನಾಲ್ಕು ಪೇಪರ್ ಓದಿದ ಕಷ್ಟ ನಿಮಗೇ ಗೊತ್ತು. ಅದನ್ನು ಯಾರದೋ ಸುಳ್ಳು ಸಹಿಗೆ ಅಡ ಇಡಬೇಡಿ.

ಇನ್ನು ಲೈಸೆನ್ಸ್. ಸಿಗುತ್ತೆ, ಈಗಲೇ ಅಲ್ಲ ಅಷ್ಟೇ. ನಾನು ಬೆಂಗಳೂರಿನಲ್ಲಿ ಯುಎಸ್ ಟ್ಯಾಕ್ಸ್ ಟೀಮ್‌ನಲ್ಲಿದ್ದೇನೆ, ಇದೇ ದಾರಿಯಲ್ಲಿ ಬಂದವನು. ಪಾಸಾಗಿ ವರ್ಷಗಟ್ಟಲೆ ಲೈಸೆನ್ಸ್ ಇಲ್ಲದೆ ಉಳಿದವರನ್ನೂ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನರಿಗೆ ಅನುಭವಕ್ಕೇನೂ ಕೊರತೆ ಇರಲಿಲ್ಲ. ಅದನ್ನು ನೋಡಿ ಸಹಿ ಹಾಕುವ ಸಿಪಿಎ ಇರಲಿಲ್ಲ.

ನಮ್ಮ ಸಿಎ ಕೋರ್ಸಿನಲ್ಲಿ ಈ ಪ್ರಶ್ನೆಯೇ ಬರೋದಿಲ್ಲ, ಅಲ್ವಾ? ಆರ್ಟಿಕಲ್‌ಶಿಪ್ (ಸಿಎ ಕೈಕೆಳಗಿನ ತರಬೇತಿ ಕೆಲಸ) ಮುಗಿಸದೆ ಫೈನಲ್‌ಗೆ ಕೂರೋ ಹಾಗಿಲ್ಲ. 2023ರ ಹೊಸ ಸ್ಕೀಮ್‌ನಲ್ಲಿ ಅದು 2 ವರ್ಷಕ್ಕೆ ಇಳಿಯಿತು, ಆದರೂ ಮೊದಲು ಕೆಲಸ, ಆಮೇಲೆ ಫೈನಲ್. ಸಿಪಿಎ ಹಾಗಲ್ಲ. ಓದು, ಪರೀಕ್ಷೆ, ಅನುಭವ ಮೂರೂ ಬೇರೆ ಬೇರೆ ನಡೆಯುತ್ತವೆ. ಪ್ರಶ್ನೆಪತ್ರಿಕೆ ಅಲ್ಲಿನ ಸಿಪಿಎಗಳ ಸಂಘ ಎಐಸಿಪಿಎದು, ಅರ್ಜಿ ಮತ್ತು ಅಂಕಗಳ ವ್ಯವಹಾರ ರಾಜ್ಯ ಬೋರ್ಡ್‌ಗಳ ಒಕ್ಕೂಟ ನಾಸ್ಬಾದ್ದು, ಲೈಸೆನ್ಸ್ ಕೊಡೋದು ಮಾತ್ರ ಆಯಾ ರಾಜ್ಯದ ಬೋರ್ಡ್. ಗುವಾಮ್, ಪೋರ್ಟೊ ರಿಕೊ ಎಲ್ಲ ಸೇರಿ ಇಂಥ 55 ಬೋರ್ಡ್‌ಗಳಿವೆ, ಎಲ್ಲಕ್ಕೂ ತಮ್ಮದೇ ನಿಯಮ. ಸಾಮಾನ್ಯವಾಗಿ 150 ಕ್ರೆಡಿಟ್ (ಕಾಲೇಜು ಓದಿನ ಅಳತೆ) ಓದಿದವರಿಗೆ ಒಂದು ವರ್ಷದ ಅನುಭವ ಕೇಳುತ್ತಾರೆ, ಸುಮಾರು 2000 ಗಂಟೆ. ಅದನ್ನು ಚಾಲ್ತಿಯಲ್ಲಿರುವ ಲೈಸೆನ್ಸ್ ಇರುವ ಸಿಪಿಎ ದೃಢೀಕರಿಸಬೇಕು. ಊರಿನಲ್ಲಿ ಎಷ್ಟೇ ದೊಡ್ಡ ಹೆಸರಿನ ಸಿಎ ಇದ್ದರೂ ಅವರ ಸಹಿ ಇಲ್ಲಿ ಸಾಮಾನ್ಯವಾಗಿ ನಡೆಯೋದಿಲ್ಲ. ಮಾವನ ಅಂಗಡಿಯ ಲೆಕ್ಕ ಉಪಯೋಗಕ್ಕೆ ಬರದಿರೋದೂ ಇದಕ್ಕೇ.

ಹಾಗಾಗಿ ಕೆಲಸ ಹುಡುಕುವಾಗ ಸಂಬಳಕ್ಕಿಂತ ಮೊದಲು ಟೀಮ್ ನೋಡಿ. ಇಂಟರ್‌ವ್ಯೂನಲ್ಲಿ ನೇರವಾಗಿ ಕೇಳಿ: ನನ್ನ ಕೆಲಸ ರಿವ್ಯೂ ಮಾಡುವವರಲ್ಲಿ ಆಕ್ಟಿವ್ ಸಿಪಿಎ ಇದ್ದಾರಾ, ವರ್ಷ ಆದ ಮೇಲೆ ಫಾರ್ಮ್ ತುಂಬಿಕೊಡುತ್ತಾರಾ? ಎಚ್‌ಆರ್‌ಗೆ ಇದು ಗೊತ್ತಿರೋದಿಲ್ಲ, ಮ್ಯಾನೇಜರ್ ಜೊತೆ ಮಾತಾಡುವ ರೌಂಡ್‌ನಲ್ಲಿ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯೋದಿಲ್ಲ. ದೊಡ್ಡ ಕಂಪನಿಗಳಷ್ಟೇ ಅಲ್ಲ, ಅಮೆರಿಕದ ಸಣ್ಣ ಸಿಪಿಎ ಆಫೀಸುಗಳಿಗೆ ಇಲ್ಲಿಂದ ಕೆಲಸ ಮಾಡಿಕೊಡುವ ಟೀಮ್‌ಗಳೂ ಇವೆ. ಅಂಥಲ್ಲಿ ಅಲ್ಲಿನ ಮಾಲೀಕರೇ ಸಿಪಿಎ ಆಗಿದ್ದು, ನಿಮ್ಮ ಫೈಲ್ ಅವರೇ ತೆರೆದು ನೋಡೋದುಂಟು. ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಅದೇ ಒಳ್ಳೇದು.

ಕೆಲಸ ಎಂಥದ್ದು ಅನ್ನೋದೂ ಮುಖ್ಯ. ಬರೀ ಇನ್‌ವಾಯ್ಸ್ ಎಂಟ್ರಿ ಮಾಡಿದ್ದನ್ನು ಅನುಭವ ಅಂತ ಬರೆಯೋಕೆ ಸಿಪಿಎಗಳು ಹಿಂದೆಮುಂದೆ ನೋಡುತ್ತಾರೆ. ಟ್ಯಾಕ್ಸ್ ಟೀಮ್‌ನ ಒಂದು ಉದಾಹರಣೆ ಹೇಳುತ್ತೇನೆ. ಒಂದು ಪಾರ್ಟ್‌ನರ್‌ಶಿಪ್‌ನ 1065 ರಿಟರ್ನ್ ನಿಮ್ಮ ಕೈಗೆ ಬರುತ್ತೆ. ಜೊತೆಗೆ ಹೋದ ವರ್ಷದ ರಿಟರ್ನ್, ಈ ವರ್ಷದ ಟ್ರಯಲ್ ಬ್ಯಾಲೆನ್ಸ್. ಕ್ಲೈಂಟ್ ವ್ಯವಹಾರದ ಊಟದ ಖರ್ಚು ಪೂರ್ತಿ ಹಾಕಿರುತ್ತಾನೆ, ತೆರಿಗೆಗೆ ಸಾಮಾನ್ಯವಾಗಿ ಅರ್ಧವಷ್ಟೇ ಸಲ್ಲುತ್ತೆ. ಪುಸ್ತಕದ ಸವಕಳಿ ಒಂದು, ತೆರಿಗೆಯ ಸವಕಳಿ ಇನ್ನೊಂದು. ಈ ವ್ಯತ್ಯಾಸಗಳನ್ನೆಲ್ಲ ವರ್ಕ್‌ಪೇಪರ್‌ನಲ್ಲಿ ತೋರಿಸಿ, ಪ್ರತಿ ಪಾಲುದಾರನ ಕೆ-1ಗೆ, ಅಂದರೆ ಅವನ ಪಾಲಿನ ಲೆಕ್ಕ ತೋರಿಸುವ ಫಾರ್ಮ್‌ಗೆ, ಹಂಚಬೇಕು. ಸೀನಿಯರ್ ನೋಡಿ ರಿವ್ಯೂ ನೋಟ್ಸ್ ಹಾಕುತ್ತಾರೆ: ಈ ಬಡ್ಡಿ ಯಾಕೆ ಇಲ್ಲಿದೆ, ಹೋದ ವರ್ಷದ ಕ್ಲೋಸಿಂಗ್ ಕ್ಯಾಪಿಟಲ್‌ಗೆ ಈ ವರ್ಷದ ಓಪನಿಂಗ್ ಯಾಕೆ ಹೊಂದುತ್ತಿಲ್ಲ. ನೀವು ಉತ್ತರ ಕೊಟ್ಟು ಕ್ಲಿಯರ್ ಮಾಡುತ್ತೀರಿ. ಮಾರ್ಚ್ 15 ಒಳಗೆ ಇಂಥವು ರಾಶಿ ರಾಶಿ. ಏಪ್ರಿಲ್ 15ಕ್ಕೆ ವ್ಯಕ್ತಿಗಳ 1040, ಕಂಪನಿಗಳ 1120. ಆಗ ಮನೆಯವರಿಗೆ ನೀವು ರಾತ್ರಿ ಊಟಕ್ಕೆ ಸಿಗೋದಿಲ್ಲ. ಆದರೆ ಸಹಿ ಹಾಕುವವರಿಗೆ ನಿಮ್ಮ ಕೆಲಸದ ಬಗ್ಗೆ ಹೇಳೋಕೆ ಏನಾದರೂ ಇರುತ್ತೆ.

ಸೇರಿದ ಮೊದಲ ದಿನದಿಂದಲೇ ಒಂದು ಎಕ್ಸೆಲ್ ಶೀಟ್ ಇಟ್ಟುಕೊಳ್ಳಿ. ತಿಂಗಳು, ಯಾವ ಬಗೆಯ ಕೆಲಸ, ಎಷ್ಟು ಗಂಟೆ, ರಿವ್ಯೂ ಯಾರದು. ಕ್ಲೈಂಟ್ ಹೆಸರು ಬೇಡ. ಬೆಂಗಳೂರಿನಲ್ಲಿ ಮ್ಯಾನೇಜರ್‌ಗಳು ಕೆಲಸ ಬದಲಾಯಿಸುತ್ತಲೇ ಇರುತ್ತಾರೆ, ಬಿಟ್ಟು ಹೋದವರನ್ನು ಹಿಡಿದು ಸಹಿ ಪಡೆಯೋದು ದೊಡ್ಡ ತಲೆನೋವು. ಅವರು ರಾಜೀನಾಮೆ ಕೊಟ್ಟಿದ್ದು ಗೊತ್ತಾದ ಕೂಡಲೇ ಅಲ್ಲಿಯವರೆಗಿನ ಅವಧಿಗೆ ಫಾರ್ಮ್ ತುಂಬಿಸಿಕೊಳ್ಳಿ. ಇನ್ನೊಂದು, ಅವರ ಲೈಸೆನ್ಸ್ ಆಕ್ಟಿವ್ ಇದೆಯಾ ಅಂತ ಸಿಪಿಎವೆರಿಫೈ ಸೈಟ್‌ನಲ್ಲಿ ಹೆಸರು ಹಾಕಿ ನೋಡಿ. ದುಡ್ಡು ಕೊಡಬೇಕಿಲ್ಲ. ನನ್ನ ಜೊತೆಗಿದ್ದ ಒಬ್ಬರು ಫಾರ್ಮ್ ಕಳಿಸುವ ಹೊತ್ತಿಗೆ ಅವರ ಮ್ಯಾನೇಜರ್ ಲೈಸೆನ್ಸ್ ಇನ್‌ಆಕ್ಟಿವ್ ಆಗಿರೋದು ಗೊತ್ತಾಯಿತು. ಮತ್ತೆ ಬೇರೆಯವರನ್ನು ಹುಡುಕಬೇಕಾಯಿತು.

ರಾಜ್ಯದ ಬಗ್ಗೆ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಪರೀಕ್ಷೆ ಒಂದು ರಾಜ್ಯದ ಮೂಲಕ ಬರೆದು, ಅಂಕ ವರ್ಗಾಯಿಸಿಕೊಂಡು ಲೈಸೆನ್ಸ್ ಇನ್ನೊಂದರಲ್ಲಿ ತೆಗೆದುಕೊಳ್ಳಬಹುದು. ಆಯ್ಕೆ ಮಾಡುವಾಗ ನೋಡಬೇಕಾದ್ದು: ಸಹಿ ಹಾಕುವವರು ನಿಮ್ಮ ನೇರ ಮೇಲಧಿಕಾರಿಯೇ ಆಗಿರಬೇಕಾ, ಕಂಪನಿಯೊಳಗಿನ ಅಕೌಂಟಿಂಗ್ ಕೆಲಸ ಒಪ್ಪುತ್ತಾರಾ, ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೇಳುತ್ತಾರಾ. ವಾಷಿಂಗ್ಟನ್ ರಾಜ್ಯ ನಮ್ಮವರಿಗೆ ಬಹಳ ಕಾಲ ಹಿಡಿಸಿದ್ದಕ್ಕೆ ಒಂದು ಕಾರಣ, ಅಲ್ಲಿ ದೃಢೀಕರಿಸುವ ಸಿಪಿಎ ನಿಮ್ಮ ಬಾಸೇ ಆಗಿರಬೇಕು ಅಂತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಡಿಟ್ ರಿಪೋರ್ಟಿಗೆ ಸಹಿ ಹಾಕುವ ಅಧಿಕಾರ ಬೇಕಿದ್ದರೆ 500 ಗಂಟೆ ಅಟೆಸ್ಟ್ ಕೆಲಸ (ಆಡಿಟ್ ಥರದ್ದು) ತೋರಿಸಬೇಕು, ಟ್ಯಾಕ್ಸ್‌ನಲ್ಲೇ ಇರುವವರಿಗೆ ಅದರ ಗೊಡವೆ ಇಲ್ಲ. ಓಹಾಯೊ 2025ರಲ್ಲಿ ಕಾಯ್ದೆ ಬದಲಿಸಿ, 150 ಕ್ರೆಡಿಟ್ ಬದಲು ಡಿಗ್ರಿ ಮತ್ತು 2 ವರ್ಷದ ಅನುಭವ ಅನ್ನುವ ದಾರಿಯನ್ನೂ ತೆರೆಯಿತು. ನಿಯಮ ಎಲ್ಲ ಕಡೆ ಬದಲಾಗುತ್ತಿರುವ ಕಾಲ ಇದು. ಯೂಟ್ಯೂಬ್ ನಂಬಬೇಡಿ, ಬೋರ್ಡ್‌ನ ಸೈಟ್ ಓದಿ. ಸಂದೇಹ ಇದ್ದರೆ ಅವರಿಗೇ ಮೇಲ್ ಹಾಕಿ, ಆ ಉತ್ತರ ಎತ್ತಿಡಿ.

ಟೀಮ್‌ನಲ್ಲಿ ಸಿಪಿಎ ಇಲ್ಲದೇ ಹೋದರೂ ಒಂದು ಪ್ರಾಮಾಣಿಕ ದಾರಿ ಇದೆ. ನಾಸ್ಬಾ ಸ್ವತಃ ಅನುಭವ ದೃಢೀಕರಣದ ಸೇವೆ ಇಟ್ಟಿದೆ. ಶುಲ್ಕ ಇದೆ, ಎಲ್ಲ ರಾಜ್ಯಗಳೂ ಒಪ್ಪೋದಿಲ್ಲ. ಆದರೆ ಅಲ್ಲಿ ನಿಮ್ಮ ಕೆಲಸವನ್ನು ನಿಜವಾಗಿ ಪರಿಶೀಲಿಸುತ್ತಾರೆ. ದುಡ್ಡು ಕೊಡೋದು ಎರಡೂ ಕಡೆ, ಆದರೆ ನಿಮ್ಮ ಪರಿಚಯದವರು ಹೇಳಿದ್ದಕ್ಕೂ ಇದಕ್ಕೂ ಅಜಗಜಾಂತರ.

ಅಲ್ಲಿಯವರೆಗೆ ಹೆಸರಿನ ಮುಂದೆ ಸಿಪಿಎ ಅಂತ ಹಾಕಬೇಡಿ, ಲಿಂಕ್ಡ್‌ಇನ್‌ನಲ್ಲೂ ಬೇಡ. ರೆಸ್ಯೂಮೆಯಲ್ಲಿ ಸಿಪಿಎ ಪರೀಕ್ಷೆ ಪಾಸ್, ಲೈಸೆನ್ಸ್ ಬಾಕಿ ಅಂತ ಬರೆಯಿರಿ. ಅಷ್ಟಕ್ಕೇ ಕರೆ ಬರುತ್ತೆ. ಬಿಡುವಿದ್ದಾಗ ನೀವು ಆರಿಸಿದ ರಾಜ್ಯ ಕೇಳುವ ಎಥಿಕ್ಸ್ ಪರೀಕ್ಷೆ ಮುಗಿಸಿ. ಎಐಸಿಪಿಎದಾದರೆ ಪಾಸಾಗೋಕೆ ಶೇ. 90 ಬೇಕು, ಪುಸ್ತಕ ತೆರೆದೇ ಬರೆಯಬಹುದು. ಮಾವನ ಅಂಗಡಿಯ ಜಿಎಸ್‌ಟಿ ಕೆಲಸವನ್ನು ರೆಸ್ಯೂಮೆಯಿಂದ ತೆಗೀಬೇಡಿ. ಜಿಎಸ್‌ಟಿ ಸೈಟ್‌ನ 2ಬಿ ಪಟ್ಟಿ ಜೊತೆ ಖರೀದಿ ಬಿಲ್ ತಾಳೆ ಹಾಕಿದವರಿಗೆ ರಿಕನ್ಸಿಲಿಯೇಶನ್ ಹೊಸದಾಗಿ ಹೇಳಿಕೊಡಬೇಕಿಲ್ಲ ಅಂತ ಇಂಟರ್‌ವ್ಯೂ ಮಾಡುವವರಿಗೆ ಗೊತ್ತು.

ಅಮೆರಿಕದ ಟ್ಯಾಕ್ಸ್ ಸೀಸನ್ ಜನವರಿಗೆ ಶುರು, ಅದಕ್ಕೆ ಮೊದಲೇ ಅರ್ಜಿ ಹಾಕಿ. ಯಾವ ರಾಜ್ಯದ ಮೂಲಕ ಪರೀಕ್ಷೆ ಬರೆದಿರಿ, ಎಂ.ಕಾಂ ಸೇರಿ ಕ್ರೆಡಿಟ್ ಎಷ್ಟು ಬಂದಿದೆ ಅಂತ ಇಲ್ಲೇ ಬರೆದರೆ ಇನ್ನೂ ಸ್ವಲ್ಪ ನಿಖರವಾಗಿ ಹೇಳಬಲ್ಲೆ.