‘ನಾಲ್ಕು ಜನ ಎತ್ತಿ ಇಳಿಸ್ತೇವೆ’ ಅಂದರೆ ಸಾಕೇ?

ಕಾರವಾರದ ಕಾಜುಬಾಗದಿಂದ ಓದುಗರೊಬ್ಬರು ಬರೆದಿದ್ದಾರೆ: ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ವೀಲ್‌ಚೇರ್ ಬಳಸುವ ತಾಯಿ ಇರುವುದು ಕೊನೆಯ ಮಹಡಿಯಲ್ಲಿ. ಬೆಂಕಿ ಬಿದ್ದರೆ ಏನು ಗತಿ ಎಂದು ಕೇಳಿದ್ದಕ್ಕೆ ಅಪಾರ್ಟ್‌ಮೆಂಟ್ ಸಂಘದವರು ‘ನಾಲ್ಕು ಜನ ಎತ್ತಿ ಇಳಿಸ್ತೇವೆ’ ಎಂದರಂತೆ. ಇವ್ಯಾಕ್ಯುಯೇಶನ್ ಚೇರ್ (ನಡೆಯಲಾಗದವರನ್ನು ಕೂರಿಸಿ ಮೆಟ್ಟಿಲ ಮೇಲೆ ಜಾರಿಸಿ ಇಳಿಸುವ ಮಡಚು ಕುರ್ಚಿ) ಕೊಳ್ಳಬೇಕೇ, ಕಾನೂನು ಏನು ಹೇಳುತ್ತದೆ ಎಂಬುದು ಪ್ರಶ್ನೆ.

ಸಂಪಾದಕರ ಉತ್ತರ:

ಮೊದಲು ಟೇಪು ಹಿಡಿದು ಮೆಟ್ಟಿಲು ಅಳೆಯಿರಿ. ಅಗಲ ಒಂದು ಮೀಟರ್ ಇದೆಯೆನ್ನಿ. ವೀಲ್‌ಚೇರಿಗೆ 65 ಸೆಂ.ಮೀ. ಹೋದರೆ ಎರಡೂ ಪಕ್ಕ ಉಳಿಯುವುದು ಹದಿನೇಳು ಚಿಲ್ಲರೆ. ಅಲ್ಲಿ ಮನುಷ್ಯ ನಿಲ್ಲುವುದಿಲ್ಲ. ಆ ನಾಲ್ವರು ಹಿಂದೆ-ಮುಂದೆ ಒತ್ತಿಕೊಂಡು ನಿಲ್ಲಬೇಕು, ಮುಂದಿನವರು ಬೆನ್ನು ಹಾಕಿಯೋ ಹಿಮ್ಮುಖವಾಗಿಯೋ ಇಳಿಯಬೇಕು. ಗಾಬರಿಯಲ್ಲಿ ಕೈ ಹೋಗುವುದು ತೋಳಾಸರೆಗೆ, ಪಾದದ ಹಲಗೆಗೆ. ಎರಡೂ ಕಳಚಿ ಬರುವ ಭಾಗಗಳು. ಹಿಡಿಯ ರಬ್ಬರ್ ಕೂಡ ಜಾರಿ ಕೈಗೆ ಬಂದೀತು. ಹಿಡಿಯಬೇಕಾದದ್ದು ಅಲುಗದ ಚೌಕಟ್ಟನ್ನು ಮಾತ್ರ. ಬ್ಯಾಟರಿ ವೀಲ್‌ಚೇರನ್ನಂತೂ ಎತ್ತುವ ಯೋಚನೆಯೇ ಬೇಡ.

ಹಾಗಾಗಿ ಇವ್ಯಾಕ್ಯುಯೇಶನ್ ಚೇರ್ ಕೊಳ್ಳಿ, ಆದರೆ ಮೆಟ್ಟಿಲು ನೋಡಿ ಕೊಳ್ಳಿ. ಅದರ ಹಿಂಬದಿಯ ರಬ್ಬರ್ ಪಟ್ಟಿ ಮೆಟ್ಟಿಲಿನ ಅಂಚಿಗೆ ಒತ್ತಿ ಉಜ್ಜುವುದರಿಂದ ವೇಗ ಹತೋಟಿಯಲ್ಲಿರುತ್ತದೆ, ಒಬ್ಬರೇ ಇಳಿಸಬಹುದು. ಪಟ್ಟಿ ಸದಾ ಕನಿಷ್ಠ ಎರಡು ಅಂಚುಗಳ ಮೇಲಿರಬೇಕು. ತಿರುವಿನಲ್ಲಿ ಚಪ್ಪಟೆ ಲ್ಯಾಂಡಿಂಗ್ ಬದಲು ತ್ರಿಕೋನದ ಮೆಟ್ಟಿಲುಗಳಿದ್ದರೆ ಚೇರ್ ಓಲಾಡುತ್ತದೆ, ಅಲ್ಲಿ ಅದು ಕೆಲಸಕ್ಕೆ ಬಾರದು. ಒದ್ದೆ ಗ್ರಾನೈಟಿನ ಮೇಲೆ ಹಿಡಿತ ಕಡಿಮೆ. ಜೂನ್-ಜುಲೈನಲ್ಲಿ ಜಾಲಂಧ್ರದಿಂದ ಎರಚಲು ಬರುವ ಮೆಟ್ಟಿಲಾದರೆ ಮೊದಲು ಅದನ್ನು ಮುಚ್ಚಿಸಿ.

ಚೇರನ್ನು ವಾಚ್‌ಮನ್ ಕೋಣೆಯಲ್ಲಿಡುವುದು ದೊಡ್ಡ ತಪ್ಪು. ಅದು ತಾಯಿ ಇರುವ ಮಹಡಿಯಲ್ಲೇ, ಬೀಗವಿಲ್ಲದೆ ತೂಗಿರಬೇಕು. ಕಡಲ ಗಾಳಿಗೆ ಮಡಚುವ ಕೀಲು ತುಕ್ಕು ಹಿಡಿಯುತ್ತದೆ. ಹೊದಿಕೆ ಹಾಕಿ, ತಿಂಗಳಿಗೊಮ್ಮೆ ಬಿಡಿಸಿ ನೋಡಿ.

ಇನ್ನು ಇಳಿಯಲೇಬಾರದ ಸಂದರ್ಭವಿದೆ. ಮೀಟರ್ ಬೋರ್ಡು, ಸ್ಕೂಟರುಗಳು ಮೆಟ್ಟಿಲಿನ ಬುಡದಲ್ಲೇ ಇದ್ದು ಬೆಂಕಿ ಅಲ್ಲೇ ಹತ್ತಿದರೆ ಮೆಟ್ಟಿಲ ಗೂಡು ಚಿಮಣಿಯಾಗುತ್ತದೆ. ಆಗ ಕೆಳಗಿಳಿಯುವುದೆಂದರೆ ಹೊಗೆಯೊಳಗೆ ಇಳಿದಂತೆ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಬಾಲ್ಕನಿಯ ಕೋಣೆಗೆ ಹೋಗಿ 101 ಅಥವಾ 112ಕ್ಕೆ ಕರೆ ಮಾಡಿ. ಮಹಡಿ, ಮನೆ ನಂಬರು, ‘ವೀಲ್‌ಚೇರಿನವರಿದ್ದಾರೆ’, ಈ ಮೂರನ್ನು ಮೊದಲು ಹೇಳಿ. ಲಿಫ್ಟಿನ ಮಾತು ಬೇಡ. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ಮುಟ್ಟಿಸುವ ಬ್ಯಾಟರಿ ಸಾಧನವಿದೆಯೆಂದು ಕೆಲವರು ಧೈರ್ಯ ಹೇಳುತ್ತಾರೆ. ಹತ್ತಿರದ ಮಹಡಿಯಲ್ಲೇ ಬೆಂಕಿಯಿದೆಯೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಮೆಟ್ಟಿಲ ಹಾದಿಯಲ್ಲಿ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಖಾಲಿ ಸಿಲಿಂಡರ್ ಇರಬಾರದೆಂದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಅಲ್ಲೇ ಹಗ್ಗ ಕಟ್ಟಿ ಬಟ್ಟೆ ಹರವುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಸೀರೆ ಕರಗಿ ಉರಿಯುತ್ತದೆ, ಹಗ್ಗ ಕತ್ತಲಲ್ಲಿ ಕುತ್ತಿಗೆಗೆ ಸಿಗುತ್ತದೆ.

ಕಾನೂನಿನ ವಿಷಯ: 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಗೆ 15 ಮೀಟರ್ ಮತ್ತು ಮೇಲಿನದು ಬಹುಮಹಡಿ, ಆಶ್ರಯ ತಾಣ (ನೆರವು ಬರುವ ತನಕ ಕಾಯುವ ಸುರಕ್ಷಿತ ಜಾಗ) ಕೇಳುವುದು 24 ಮೀಟರ್ ದಾಟಿದ ಕಟ್ಟಡಕ್ಕೆ. ನಿಮ್ಮದು ಬಹುಶಃ ಮೊದಲ ಗೆರೆಯ ಅಂಚಿನಲ್ಲೇ ನಿಲ್ಲುತ್ತದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮಿನಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ದಾಖಲಿಸಿಟ್ಟುಕೊಳ್ಳಬೇಕು. ಜಿಲ್ಲಾಧಿಕಾರಿ ಕಚೇರಿಗೆ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಸಂಖ್ಯೆ ಸಹಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ತಾಯಿಯನ್ನು ಇಳಿಸುವ ನೆರವಿನವರ ಪಟ್ಟಿ ಮಾಡಿ, ಅದರಲ್ಲಿ ಹಗಲಿಗೆ ಇಬ್ಬರು, ರಾತ್ರಿಗೆ ಇಬ್ಬರು ಬೇರೆಬೇರೆ ಇರಲಿ. ಸೀಬರ್ಡ್ ನೌಕಾನೆಲೆಗೋ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೋ ಡ್ಯೂಟಿಗೆ ಹೋಗುವವರ ಹೆಸರನ್ನಷ್ಟೇ ಬರೆದರೆ ಬೆಳಿಗ್ಗೆ ಹತ್ತಕ್ಕೆ ಕಟ್ಟಡದಲ್ಲಿ ಉಳಿಯುವುದು ಅಜ್ಜಂದಿರು. ಕಿವಿ ಕೇಳದವರಿದ್ದರೆ ಎಚ್ಚರಿಕೆ ಗಂಟೆಯೊಂದಿಗೆ ಮಿನುಗುವ ದೀಪವೂ ಬೇಕು.

ಅಭ್ಯಾಸಕ್ಕೆ ಮೊದಲ ಸಲವೇ ತಾಯಿಯನ್ನು ಕೂರಿಸಬೇಡಿ. 25 ಕೆ.ಜಿ.ಯ ಎರಡು ಅಕ್ಕಿ ಚೀಲಗಳನ್ನು ಬೆಲ್ಟಿನಿಂದ ಬಿಗಿದು ಒಮ್ಮೆ ಇಳಿಸಿ, ಆಮೇಲೆ ಗಟ್ಟಿಮುಟ್ಟಾದ ಯಾರನ್ನಾದರೂ. ಹೊತ್ತು ಹಿಡಿಯುವುದು ಇಳಿಯುವುದಕ್ಕಲ್ಲ, ವೀಲ್‌ಚೇರಿನಿಂದ ಈ ಚೇರಿಗೆ ದಾಟಿಸಿ ಬೆಲ್ಟು ಕಟ್ಟುವುದಕ್ಕೆ. ಅದನ್ನೇ ಹೆಚ್ಚು ಸಲ ಮಾಡಿ, ಒಮ್ಮೆ ಲೈಟ್ ಆರಿಸಿ ಟಾರ್ಚಿನಲ್ಲಿ.