ಮಗನನ್ನು ಕಳಿಸೋದಿರಲಿ, ಮೊದಲು ನೀವು ಹೋಗಿ

ಬಡಾವಣೆಯಲ್ಲಿ ಮಕ್ಕಳ ತೂಕದ ಬಗ್ಗೆ ಮೂರು ತಿಂಗಳ ಭಾನುವಾರದ ಕಾರ್ಯಕ್ರಮ ಶುರುವಾಗಿದೆ, ಅಪ್ಪ ಅಮ್ಮನೂ ಬರಬೇಕಂತೆ, ನಮಗೆ ಪುರುಸೊತ್ತಿಲ್ಲ, 13 ವರ್ಷದ ಮಗನನ್ನಷ್ಟೇ ಕಳಿಸಿದರೆ ಸಾಕಾ, ಇಲ್ಲ ಜಿಮ್‌ಗೆ ಹಾಕೋದೇ ವಾಸಿನಾ ಅಂತ ಕೇಳಿದ್ದೀರಿ. ಓದಿ ಹೊಟ್ಟೆ ಚುರುಕ್ ಅಂತು. ಮೂರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. "ಸುಮ್ನೆ ಕಳಿಸಿ, ಅವರು ನೋಡಿಕೊಳ್ಳುತ್ತಾರೆ" ಅಂತ ಯಾರೋ ಅಂದರು. ನಾನೂ ಕಳಿಸಿದೆ.

ನಾವು ಮೈಸೂರಿನವರು. ಮನೆಯಲ್ಲಿ ಐದು ಜನ: ನಾನು, ಹೆಂಡತಿ, ನನ್ನಮ್ಮ, ಮಗಳು, ಮಗ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸು ಮುಗಿಸಿ ಮಗಳು ಮತ್ತೆ ಶಾಲೆಗೆ ಹೊರಟಾಗ ಹಳೇ ಯೂನಿಫಾರ್ಮ್ ಒಂದೂ ಹಿಡಿಸಲಿಲ್ಲ. ಆಮೇಲೂ ತೂಕ ಏರುತ್ತಲೇ ಹೋಯಿತು. ಅವಳಿಗೆ 12 ಆಗಿದ್ದಾಗ ಡಾಕ್ಟರ್ ಬೆಳವಣಿಗೆಯ ಚಾರ್ಟ್ ಬಿಡಿಸಿ ಒಂದು ಚುಕ್ಕೆ ಇಟ್ಟರು. ಅದರಲ್ಲಿ 23 ಮತ್ತು 27 ಅಂತ ಎರಡು ಗೆರೆ ಇರುತ್ತವೆ, ದೊಡ್ಡವರ ಬಿಎಂಐಗೆ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) ಹೊಂದಿಸಿ ಎಳೆದ ಗೆರೆಗಳು. 23ರದ್ದು ದಾಟಿದರೆ ತೂಕ ಜಾಸ್ತಿ, 27ರದ್ದು ದಾಟಿದರೆ ಬೊಜ್ಜು. ಇವಳ ಚುಕ್ಕೆ 27ರ ಗೆರೆಗೆ ಅಂಟಿಕೊಂಡಿತ್ತು. "ಬೆಳೆಯೋ ಮಗು, ಇಳಿಸೋ ಆತುರ ಬೇಡ. ತೂಕ ಇಲ್ಲೇ ನಿಂತರೂ ಎತ್ತರ ಬಂದಂತೆ ಸರಿಹೋಗುತ್ತೆ. ಆದ್ರೆ ಮನೆಯವರೆಲ್ಲ ಬದಲಾಗಬೇಕು" ಅಂದರು. ಕೊನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಆಗ ನಾನು 91 ಕೆಜಿ ಇದ್ದೆ, ಷುಗರ್ ಮಾತ್ರೆ ಬೇರೆ ನುಂಗುತ್ತಿದ್ದೆ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಸಮುದಾಯ ಭವನದಲ್ಲೂ ನಿಮ್ಮ ಥರದ್ದೇ ಕಾರ್ಯಕ್ರಮ. 12 ಭಾನುವಾರ, ಬೆಳಿಗ್ಗೆ ಎರಡು ಗಂಟೆ ಹೊತ್ತು. ಮಗಳನ್ನು ಗೇಟಿನ ಹತ್ತಿರ ಇಳಿಸಿ, ಅಗ್ರಹಾರದ ಕಡೆ ಹೋಗಿ ಬೆಣ್ಣೆ ದೋಸೆ ತಿಂದು, ಪೇಪರ್ ಓದಿ, ಹನ್ನೊಂದಕ್ಕೆ ಸರಿಯಾಗಿ ವಾಪಸ್ ಬರುತ್ತಿದ್ದೆ. ನಾಲ್ಕನೇ ವಾರ ಇರಬೇಕು. ಕಾರು ಹತ್ತಿ ಬೆಲ್ಟ್ ಹಾಕಿಕೊಳ್ಳುತ್ತಾ "ಅಪ್ಪಾ, ಸಾಗು ವಾಸನೆ" ಅಂದಳು. ಮತ್ತೇನೂ ಹೇಳಲಿಲ್ಲ. ನಾನು ಕಿಟಕಿ ಇಳಿಸಿದೆ.

ಆದರೆ ದೋಸೆ ಸಣ್ಣ ತಪ್ಪು. ದೊಡ್ಡದು ಬೇರೆ ತಟ್ಟೆ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾರ್ಯಕ್ರಮದಲ್ಲಿ ಕೊಟ್ಟ ಹಾಳೆಯನ್ನು ನಾವು ಅವಳೊಬ್ಬಳ ಪಥ್ಯ ಅಂತ ತಿಳಿದೆವು. ನಮಗೆ ಪೂರಿ, ಅವಳಿಗೆ ಎಣ್ಣೆ ಹಾಕದ ರಾಗಿ ರೊಟ್ಟಿ. ನಮಗೆ ಹಪ್ಪಳ, ಅವಳಿಗೆ ಸೌತೆಕಾಯಿ. ಅವಳಿಗೆಂದೇ ಒಂದು ಸಣ್ಣ ಸ್ಟೀಲ್ ತಟ್ಟೆ ತಂದೆ. ಹೆಂಡತಿ ಪಾಪ ಎರಡೆರಡು ಅಡುಗೆ ಮಾಡಿ ಸುಸ್ತಾಗುತ್ತಿದ್ದಳು. ಇಷ್ಟು ಕಷ್ಟಪಡುತ್ತಿದ್ದೇವಲ್ಲ, ಒಳ್ಳೆಯ ತಂದೆತಾಯಿ ಅಂತ ನಮಗೆ ನಾವೇ ಬೆನ್ನು ತಟ್ಟಿಕೊಂಡೆವು. ಭಾನುವಾರ ಸಂಜೆ ನಡುಮನೆಯಲ್ಲೇ ತೂಕದ ಯಂತ್ರ ಇಟ್ಟು ಅವಳನ್ನು ಹತ್ತಿಸುತ್ತಿದ್ದೆ. ನೆಂಟರು ಬಂದಿದ್ದರೂ ಸರಿ.

ಆ ದಿನಗಳಲ್ಲಿ ಊಟ ಆದಮೇಲೆ ಪಾತ್ರೆ ಎತ್ತಿಡೋಕೆ ಅವಳೇ ಮುಂದಾಗುತ್ತಿದ್ದಳು. ಹುಡುಗಿಗೆ ಜವಾಬ್ದಾರಿ ಬಂತು ಅಂದುಕೊಂಡೆ. ಒಂದು ರಾತ್ರಿ ನೀರು ಕುಡಿಯೋಕೆ ಅಡುಗೆಮನೆಗೆ ಹೋದೆ. ಸಿಂಕ್ ಹತ್ತಿರ ನಮಗೆ ಬೆನ್ನು ಹಾಕಿ ನಿಂತು, ನಲ್ಲಿ ಜೋರಾಗಿ ಬಿಟ್ಟುಕೊಂಡು, ತಮ್ಮನ ತಟ್ಟೆಯಲ್ಲಿ ಉಳಿದಿದ್ದ ಪೂರಿ ಚೂರುಗಳನ್ನು ತಿನ್ನುತ್ತಿದ್ದಳು. ನಲ್ಲಿ ಯಾಕೆ ಅಂದರೆ ಅಗಿಯೋ ಸದ್ದು ಕೇಳಬಾರದು ಅಂತ. ನನ್ನನ್ನು ನೋಡಿ ಬಾಯಲ್ಲಿದ್ದದ್ದನ್ನು ನುಂಗಿದಳು.

ಏಳನೇ ವಾರಕ್ಕೆ ಅವಳು ಹೋಗೋದು ಬಿಟ್ಟಳು. ಒಂದು ವರ್ಷದ ನಂತರ ಚುಕ್ಕೆ ಗೆರೆ ದಾಟಿತ್ತು.

ಆಮೇಲೆ ಎರಡನೇ ಬ್ಯಾಚ್‌ಗೆ ಐದೂ ಜನ ಹೋದೆವು. "ಬೆಳೆಯೋ ಹುಡುಗಿ, ತಿನ್ನಲಿ ಬಿಡ್ರೋ" ಅನ್ನುತ್ತಿದ್ದ ಅಮ್ಮನನ್ನೂ ಎಳೆದುಕೊಂಡೇ ಹೋದೆ. ಮೊದಲ ದಿನ ಯಾರನ್ನೂ ತೂಕ ಮಾಡಲಿಲ್ಲ. ತಿಂಗಳ ದಿನಸಿ ಚೀಟಿ ಕೇಳಿದರು. ನಮ್ಮದರಲ್ಲಿ 6 ಕೆಜಿ ಸಕ್ಕರೆ, 5 ಲೀಟರ್ ಎಣ್ಣೆ. ಅಂದರೆ ತಲೆಗೆ ದಿನಕ್ಕೆ 40 ಗ್ರಾಂ ಸಕ್ಕರೆ. ದೊಡ್ಡವರಿಗೇ 50ರ ಒಳಗಿರಲಿ, 25 ಆದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಿಸ್ಕತ್ತು, ಜ್ಯೂಸಿನದ್ದು ಬೇರೆ. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಸಾಕು ಅಂದರು. ನಾವು ಎರಡು ಪಟ್ಟು ಬಳಸುತ್ತಿದ್ದೆವು. ಇದರಲ್ಲಿ ಮಗಳ ತಪ್ಪು ಎಲ್ಲಿದೆ ಹೇಳಿ? ಚೀಟಿ ಬರೆದವನು ನಾನು.

ಸಣ್ಣ ತಟ್ಟೆ ಅಟ್ಟಕ್ಕೆ ಹೋಯಿತು. ಎಲ್ಲರಿಗೂ ಒಂದೇ ಅಡುಗೆ. ಪೂರಿ ತಿಂಗಳಿಗೊಂದು ದಿನ, ಆವತ್ತು ಅವಳಿಗೂ ಪೂರಿ. ಏನು ಮಾಡಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಅನ್ನೋದು ನಮಗೆ ಬಿಟ್ಟದ್ದು. ಎಷ್ಟು ತಿನ್ನಬೇಕು ಅನ್ನೋದು ಅವಳಿಗೆ ಬಿಟ್ಟದ್ದು, ಅದನ್ನು ನಾವು ಕೇಳಕೂಡದು. ಈ ನಿಯಮ ಪಾಲಿಸೋಕೆ ನನಗೆ ಎರಡು ತಿಂಗಳು ಹಿಡಿಯಿತು. ಭಾನುವಾರ ಕ್ಲಾಸಿಗೆ ಮುಂಚೆ ನಾಲ್ಕೈದು ಮನೆಯವರು ಸೇರಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆವು, ನಂದಿಯವರೆಗೆ. ಮಕ್ಕಳು ಮುಂದೆ ಓಡುತ್ತಿದ್ದರು, ಅಪ್ಪಂದಿರು ನೂರು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದೆವು. ನನ್ನನ್ನು ಕಾಯುತ್ತಾ ಮೇಲೆ ನಿಂತು ಮಗಳು ನಗೋದನ್ನು ಬಹಳ ದಿನಗಳ ಮೇಲೆ ನೋಡಿದೆ.

ಅದಕ್ಕೇ ಹೇಳ್ತೀನಿ, ಮಗನನ್ನು ಕಳಿಸೋದಾ ಬೇಡವಾ ಅನ್ನೋ ನಿಮ್ಮ ಪ್ರಶ್ನೆಯೇ ತಪ್ಪು. ಅವನು ಬರಲ್ಲ ಅಂತ ಹಟ ಹಿಡಿದರೂ ನೀವಿಬ್ಬರು ಹೋಗಿ. ಇಸ್ರೇಲ್‌ನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಒಂದು ಗುಂಪಿನಲ್ಲಿ ಮಕ್ಕಳಿಗೆ ಮಾತ್ರ ಕ್ಲಾಸು, ಇನ್ನೊಂದರಲ್ಲಿ ಅಪ್ಪ ಅಮ್ಮನಿಗೆ ಮಾತ್ರ. ಏಳು ವರ್ಷದ ಮೇಲೆ ನೋಡಿದರೆ ಅಪ್ಪ ಅಮ್ಮ ಹೋಗಿದ್ದ ಮನೆಯ ಮಕ್ಕಳೇ ವಾಸಿ ಇದ್ದರು. ಅವು 6ರಿಂದ 11 ವರ್ಷದ ಮಕ್ಕಳು, ನಿಮ್ಮವನು ಸ್ವಲ್ಪ ದೊಡ್ಡವನು, ಅದು ನಿಜ. 13ರ ಹುಡುಗ ಹೊರಗೆ ತಿಂದೇ ತಿನ್ನುತ್ತಾನೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಜಾಸ್ತಿ ಎಣ್ಣೆ, ಸಕ್ಕರೆ, ಉಪ್ಪಿನ ತಿಂಡಿ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ. 51ನೇ ಮೀಟರಿನಲ್ಲಿ ಗೋಬಿ ಗಾಡಿ ಇರುತ್ತೆ, ಅಲ್ವಾ? ಅದು ನಿಮ್ಮ ಕೈಲಿಲ್ಲ. ಅಡುಗೆಮನೆ ಇದೆ.

ಜಿಮ್ ಬೇಡ. ಇದು ನನ್ನ ಅಭಿಪ್ರಾಯ, ಜಗಳ ಮಾಡುವವರು ಮಾಡಲಿ. ಆ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು, ಅದಕ್ಕೆ ಒಂದು ಚೆಂಡು, ನಾಲ್ಕು ಹುಡುಗರು ಸಾಕು. ಬಡಾವಣೆಯ ಕಾರ್ಯಕ್ರಮದಿಂದ ನಮಗಾದ ದೊಡ್ಡ ಲಾಭವೇ ಆ ನಾಲ್ಕು ಹುಡುಗರು. ಬೇರೆ ಮನೆಗಳಲ್ಲೂ ಇದೇ ನಡೀತಿದೆ ಅಂತ ಗೊತ್ತಾದ ಮೇಲೆ ಮಗಳಿಗೆ ತಾನೊಬ್ಬಳೇ ಅನ್ನೋ ನಾಚಿಕೆ ಹೋಯಿತು.

ಈಗ ಅವಳಿಗೆ 15. ಚುಕ್ಕೆ ಎರಡು ಗೆರೆಗಳ ನಡುವೆ ಇದೆ, 23ಕ್ಕೆ ಇನ್ನೂ ಬಂದಿಲ್ಲ. ನಾನು 83ಕ್ಕೆ ಇಳಿದಿದ್ದೇನೆ. ಅಮ್ಮ ಈಗಲೂ ಕೋಡುಬಳೆ ಬಚ್ಚಿಟ್ಟು ಮೊಮ್ಮಕ್ಕಳಿಗೆ ಕೊಡುತ್ತಾಳೆ, ನಮಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ಈ ಭಾನುವಾರ ಹೋಗುವಾಗ ದಿನಸಿ ಚೀಟಿ ತೆಗೆದುಕೊಂಡು ಹೋಗಿ. ಬೇಕರಿಯಲ್ಲಿ ಬಿಡಿಯಾಗಿ ತಂದದ್ದನ್ನೂ ಸೇರಿಸಿ ಬರೆಯಿರಿ. ನಾನು ಬರೆದಿರಲಿಲ್ಲ. ಮಗಳು ಎಲ್ಲರ ಮುಂದೆ ನೆನಪಿಸಿದಳು.