ಅಪ್ಪ ಆಡಿದ ಕಾಲೇಜಿನಲ್ಲೇ ಮಗ ಕ್ವಾರ್ಟರ್‌ಬ್ಯಾಕ್ ಆದರೆ ಅನುಕೂಲವೋ, ಹೊರೆಯೋ?

ಅಪ್ಪ ಹೆಸರು ಮಾಡಿದ ಕಾಲೇಜಿಗೇ ಮಗನೂ ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಆಗಿ ಹೋದರೆ ಅವನಿಗೆ ಅನುಕೂಲವೋ ಹೊರೆಯೋ ಅಂತ ಕೇಳಿದ್ದೀರಿ. ಆಟ ಕಲಿಯುವುದಕ್ಕೆ ಅನುಕೂಲವಿದೆ. ಆದರೆ ಹುಡುಗನ ತಲೆಯ ಮೇಲೆ ಹೊರೆ ಮಾತ್ರ ಜಾಸ್ತಿ. ನಾನು ಕೆಲವು ವರ್ಷ ಅಮೆರಿಕದ ಟೆನ್ನೆಸ್ಸಿಯಲ್ಲಿದ್ದೆ, ಅಲ್ಲಿ ಶನಿವಾರ ಬಂತೆಂದರೆ ಕಾಲೇಜ್ ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಹಾಗಾಗಿ ಈ ಆಟದಲ್ಲೇ ಹೆಸರಾದ ಮ್ಯಾನಿಂಗ್ ಮನೆಯವರ ಕಥೆ ಇಟ್ಟುಕೊಂಡೇ ಹೇಳುತ್ತೇನೆ.

ಅಪ್ಪ ಆರ್ಚಿ ಮ್ಯಾನಿಂಗ್, ಮಿಸಿಸಿಪ್ಪಿಯ ಡ್ರೂ ಅನ್ನುವ ಸಣ್ಣ ಊರಿನವರು. 1968ರಿಂದ 1970ರವರೆಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಆಡಿದರು, ಜನ ಅದನ್ನು ಓಲ್ ಮಿಸ್ ಅಂತಲೇ ಕರೆಯುತ್ತಾರೆ. 1969ರ ಬೇಸಿಗೆಯಲ್ಲಿ ಅವರ ತಂದೆ ಆತ್ಮಹತ್ಯೆ ಮಾಡಿಕೊಂಡರು. ಓದು, ಆಟ ಎಲ್ಲ ಬಿಟ್ಟು ಮನೆ ನೋಡಿಕೊಳ್ಳುತ್ತೇನೆ ಅಂದ ಮಗನನ್ನು ತಾಯಿ ಒಪ್ಪದೆ ಕಾಲೇಜಿಗೆ ವಾಪಸ್ ಕಳಿಸಿದರು. ಅದೇ ವರ್ಷ ಅಲಬಾಮಾ ವಿರುದ್ಧ ರಾತ್ರಿ ಪಂದ್ಯ, ದೇಶದ ತುಂಬ ಟಿವಿಯಲ್ಲಿ ಬಂತು. ಆರ್ಚಿ ಎಸೆದು ಗಳಿಸಿದ್ದು 436 ಗಜ, ತಾವೇ ಓಡಿ ಗಳಿಸಿದ್ದು 104 ಗಜ. ಅಷ್ಟೆಲ್ಲ ಮಾಡಿಯೂ ಓಲ್ ಮಿಸ್ 33-32ರಲ್ಲಿ ಸೋತಿತು, ಆದರೆ ಆ ರಾಜ್ಯದ ಜನ ಅವರನ್ನು ಮರೆಯಲೇ ಇಲ್ಲ. ಅವರ ಜೆರ್ಸಿ ನಂಬರ್ 18 ಅಂತ ಆ ಕ್ಯಾಂಪಸ್ಸಿನಲ್ಲಿ ಗಾಡಿಗಳ ವೇಗದ ಮಿತಿಯನ್ನೇ ಗಂಟೆಗೆ 18 ಮೈಲಿ ಮಾಡಿದ್ದಾರೆ! ಇಂಥ ಜಾಗಕ್ಕೆ ಮಗ ಆಡಲು ಬರುವುದು ಅಂದರೆ ಏನು ಅಂತ ಯೋಚಿಸಿ.

ಅನುಕೂಲ ಅಂದೆನಲ್ಲ, ಅದು ತೋಳಿನ ಬಲದ ವಿಷಯವಲ್ಲ. ಕ್ವಾರ್ಟರ್‌ಬ್ಯಾಕ್ ಪ್ರತಿ ಸಲ ಚೆಂಡು ಕೈಗೆ ಬರುವ ಮೊದಲೇ ಎದುರಿನ 11 ಜನ ಎಲ್ಲಿ ನಿಂತಿದ್ದಾರೆ, ಯಾರು ನುಗ್ಗಿ ಬರುತ್ತಾರೆ, ಯಾರು ಸುಮ್ನೆ ನಾಟಕ ಮಾಡುತ್ತಿದ್ದಾರೆ ಅಂತ ಓದಿಕೊಳ್ಳಬೇಕು, ಬೇಕಾದರೆ ಆಗಲೇ ತಂತ್ರ ಬದಲಿಸಬೇಕು. ಇದನ್ನು ಊಟದ ಹೊತ್ತಿನಲ್ಲಿ ಅಪ್ಪನ ಬಾಯಿಂದ ಕೇಳುತ್ತಾ ಬೆಳೆದವನಿಗೆ ಕಣ್ಣು ಬೇಗ ಪಳಗುತ್ತದೆ. ಎರಡನೇ ಮಗ ಪೇಟನ್ ಚಿಕ್ಕವನಿದ್ದಾಗ ಅಪ್ಪನ ಕಾಲೇಜ್ ಪಂದ್ಯಗಳ ರೇಡಿಯೋ ಕಾಮೆಂಟರಿ ಟೇಪುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದ, ಆ ತಂಡದ ಆಟಗಾರರ ಹೆಸರೆಲ್ಲ ಅವನಿಗೆ ಬಾಯಿಪಾಠ.

ಅಂಥ ಹುಡುಗ ಓಲ್ ಮಿಸ್‌ಗೇ ಬರುತ್ತಾನೆ ಅಂತ ಇಡೀ ಮಿಸಿಸಿಪ್ಪಿ ನಂಬಿ ಕೂತಿತ್ತು. 1994ರಲ್ಲಿ ಅವನು ಟೆನ್ನೆಸ್ಸಿ ವಿಶ್ವವಿದ್ಯಾಲಯ ಆರಿಸಿಕೊಂಡ. ಜನಕ್ಕೆ ಎಷ್ಟು ಸಿಟ್ಟು ಬಂತೆಂದರೆ ಆರ್ಚಿಗೆ ಬೈದು ಕಾಗದ ಬರೆದರು. ಹದಿನೆಂಟು ವರ್ಷದ ಹುಡುಗ ಯಾವ ಕಾಲೇಜಿಗೆ ಹೋಗುತ್ತಾನೆ ಅನ್ನುವುದಕ್ಕೆ ಅವರಪ್ಪನನ್ನು ಬೈಯುವುದು ಯಾವ ನ್ಯಾಯ? ಆರ್ಚಿ ಮಾತ್ರ ಮಗನ ಪರವಾಗಿ ನಿಂತರು. ನನಗೆ ಅವರ ಮೇಲೆ ಗೌರವ ಬಂದಿದ್ದು ಅಲಬಾಮಾ ಪಂದ್ಯದ ಆ 540 ಗಜಗಳಿಂದಲ್ಲ, ಇದರಿಂದ.

ಕೊನೆಗೆ ಓಲ್ ಮಿಸ್‌ಗೆ ಹೋದವನು ಚಿಕ್ಕ ಮಗ ಈಲಿ. ಎಲ್ಲರೂ ಇದನ್ನು ಅಪ್ಪನ ದಾರಿ ಹಿಡಿದ ಅಂತ ಹೇಳುತ್ತಾರೆ, ಆದರೆ ಒಂದು ವಿಷಯ ಗಮನಿಸಿ. ಟೆನ್ನೆಸ್ಸಿಯಲ್ಲಿ ಪೇಟನ್‌ನನ್ನು ತಿದ್ದಿದ ಡೇವಿಡ್ ಕಟ್‌ಕ್ಲಿಫ್ 1998ರ ಕೊನೆಗೆ ಓಲ್ ಮಿಸ್‌ನ ಮುಖ್ಯ ಕೋಚ್ ಆದರು, ಮುಂದಿನ ವರ್ಷ ಈಲಿ ಅಲ್ಲಿಗೆ ಸೇರಿದ. ಇಬ್ಬರೂ ಅಣ್ಣತಮ್ಮಂದಿರು ಹೋಗಿದ್ದು ಒಬ್ಬನೇ ಗುರುವಿನ ಹತ್ತಿರಕ್ಕೆ, ಅಲ್ವಾ? ಅದಕ್ಕೇ ನನ್ನ ಅಭಿಪ್ರಾಯ ಏನೆಂದರೆ, ಅಪ್ಪ ಆಡಿದ ಕಾಲೇಜು ಹೌದೋ ಅಲ್ಲವೋ ಅನ್ನುವುದಕ್ಕಿಂತ ಅಲ್ಲಿ ಕಲಿಸುವವರು ಯಾರು ಅನ್ನುವುದೇ ಮುಖ್ಯ.

ಹಾಗಂತ ಈಲಿಗೆ ಹೊರೆ ಕಮ್ಮಿ ಇರಲಿಲ್ಲ. ಅಪ್ಪ ಅಲ್ಲಿ ದೇವರಂತೆ, ಅಣ್ಣ ಪೇಟನ್ ಆಗಲೇ 1998ರ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ, ಮೊದಲ ಆಯ್ಕೆ. ಇಬ್ಬರ ಜೊತೆಗೂ ಹೋಲಿಸಿಕೊಳ್ಳುತ್ತಾ ಅವನು 10ನೇ ನಂಬರಿನ ಜೆರ್ಸಿಯಲ್ಲಿ ಆಡಿದ. 2003ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ವಿರುದ್ಧದ ದೊಡ್ಡ ಪಂದ್ಯದಲ್ಲಿ, ಕೊನೆಯ ಹೊತ್ತಿನ ನಾಲ್ಕನೇ ಡೌನ್‌ನಲ್ಲಿ, ಅಂದರೆ ಮುಂದೆ ಸಾಗಲು ಸಿಗುವ ಕೊನೆಯ ಪ್ರಯತ್ನದಲ್ಲಿ, ತನ್ನದೇ ತಂಡದವನ ಕಾಲಿಗೆ ಸಿಕ್ಕಿ ಬಿದ್ದುಬಿಟ್ಟ. 17-14ರ ಸೋಲು. ಅದಾದ ಮೇಲೂ ತಂಡವನ್ನು ಸೀಸನ್ ಕೊನೆಯ ಕಾಟನ್ ಬೌಲ್ ಪಂದ್ಯಕ್ಕೆ ಕರೆದೊಯ್ದು ಗೆಲ್ಲಿಸಿದ, ಆ ಸೀಸನ್ 10 ಗೆಲುವು, 3 ಸೋಲಿನಲ್ಲಿ ಮುಗಿಯಿತು. ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯಲ್ಲಿ ಮೂರನೇ ಸ್ಥಾನ ಬಂತು, 1970ರಲ್ಲಿ ಅಪ್ಪನಿಗೆ ಬಂದಿದ್ದೂ ಅಷ್ಟೇ. ಅವನ 10ನೇ ನಂಬರನ್ನೂ 2021ರಲ್ಲಿ ಕಾಲೇಜು ಬೇರೆ ಯಾರಿಗೂ ಕೊಡದ ಹಾಗೆ ಎತ್ತಿಟ್ಟಿತು.

ದೊಡ್ಡ ಮಗ ಕೂಪರ್ ಬಗ್ಗೆ ಜನ ಮಾತಾಡುವುದು ಕಮ್ಮಿ. ಅವನು ರಿಸೀವರ್, ಹೈಸ್ಕೂಲಿನಲ್ಲಿ ಪೇಟನ್ ಎಸೆದ ಚೆಂಡು ಹಿಡಿಯುತ್ತಿದ್ದವನು. ಓಲ್ ಮಿಸ್ ಸೇರಿದ ಹೊತ್ತಿಗೇ ಬೆನ್ನುಹುರಿಯ ನಾಳ ಕಿರಿದಾಗಿರುವುದು ಗೊತ್ತಾಗಿ, 18 ವರ್ಷಕ್ಕೇ ಆಟ ನಿಂತುಹೋಯಿತು. ಮೊದಲು ಅಪ್ಪನ ದಾರಿ ಹಿಡಿಯಬೇಕಿದ್ದವನು ಅವನೇ.

ಈಗ ಅದೇ ಕೂಪರ್‌ನ ಮಗ ಆರ್ಚ್ ಕ್ವಾರ್ಟರ್‌ಬ್ಯಾಕ್. ಅವನು ಅಜ್ಜನ ಕಾಲೇಜೂ ಬೇಡ, ಚಿಕ್ಕಪ್ಪ ಪೇಟನ್‌ನ ಕಾಲೇಜೂ ಬೇಡ ಅಂತ ಟೆಕ್ಸಸ್‌ಗೆ ಹೋದ. ಎರಡು ವರ್ಷ ಬಹುಪಾಲು ಬೆಂಚಿನಲ್ಲಿ ಕಾದ. ಬೇರೆ ಕಾಲೇಜಿಗೆ ಹಾರಿಹೋಗುವುದು ಈಗ ಸುಲಭ, ಅವನು ಹೋಗಲಿಲ್ಲ, ನನಗೆ ಅದು ತುಂಬಾ ಇಷ್ಟವಾಯಿತು. 2025ರ ಮೊದಲ ಪಂದ್ಯದಲ್ಲಿ ಓಹಾಯೋ ಸ್ಟೇಟ್ ಎದುರು ಟೆಕ್ಸಸ್ 14-7ರಲ್ಲಿ ಸೋತಾಗ ಎಲ್ಲರ ಬಾಯಲ್ಲೂ ಅವನ ಮನೆತನದ ಮಾತೇ. ಎದುರಿಗಿದ್ದದ್ದು ಹಿಂದಿನ ಸೀಸನ್ನಿನ ಚಾಂಪಿಯನ್ ತಂಡ, ಪಂದ್ಯ ನಡೆದಿದ್ದು ಅವರದೇ ಅಂಗಳದಲ್ಲಿ, ಆಡಿದವನಿಗೆ 21 ವರ್ಷ. ಬೇರೆ ಕಾಲೇಜಿಗೆ ಹೋದರೂ ಹೊರೆ ಹಿಂದೆಯೇ ಬಂದಿತ್ತು.